ಬಯಲಾಗ ನಿಂತ ಹುಡುಗಿಯ ಕಣ್ಣಾಗಿನ ಕಿಟಕಿ

ಮಕ್ಕಳ ಪುಸ್ತಕಕ್ಕ ಚಿತ್ರ ಬರೀಬೇಕು ಅನ್ನೂ ಹುಡುಗ-ಹುಡುಗ್ಯಾರು ಆಗಾಗ ಮಿರಜದ ನಮ್ಮ ಮನಿಗೆ ಬರತಾರ. ಬರ್ರಿ, ಕುಂದ್ರಿ ಅಂತ ಚಹಾ ಕೊಡತೇನಿ. ಯಾವ ಕಾಗದ ಚಲೋ, ಯಾವ ಬಣ್ಣ ಚಲೋ, ಯಾವ ಪ್ರಕಾಶಕರು ಲಗೂ ಉತ್ತರ ಕೊಡತಾರ ಅಂತ ಕೇಳತಾರ. ನನಗ ಸಿಟ್ಟು ಬರತೈತಿ. ಇಲ್ಲಿತನಕಾ ಒಬ್ಬರೂ ‘ಕಾಕಾ, ಈ ಮಾರಿ-ಮುಖ ಎಲ್ಲಿಂದ ಬರತಾವ?’ ಅಂತ ಕೇಳಿಲ್ಲ. ಅಲ್ರೀ, ಕೇಳಬೇಕಾದ್ದು ಅದನ್ನ ಅಲ್ಲೇನು? ಕೈ, ಕಾಲು, ಗಿಡ, ಗುಡ್ಡ ಹೆಂಗರೆ ಬರೀಬಹುದು. ಮಾರಿ ಮಾತ್ರ ಯಾರದರೆ ಇರತೈತಿ. ಯಾರದು ಅಂತ ನಮಗ ಗೊತ್ತಾಗೂದ್ರಾಗ ಅದು ಅಚ್ಚಾಗಿ ಮಂದಿ ಕೈಗೆ ಹೋಗಿರತೈತಿ.

ಕೈ ನಡಗಾಕ ಹತ್ತಿದ ಮ್ಯಾಲ ನಾನು ಕುಂಚ ಕೆಳಗಿಟ್ಟೇನಿ. ಶಾಲು, ಹಾರ, ಬಹುಮಾನದ ಸುದ್ದಿ ಹೇಳಂಗಿಲ್ಲ, ಅವು ಎಲ್ಲಾರಿಗೂ ಒಂದೇ ನಮೂನಿ ಇರತಾವ. ನಾ ಮಾಡಿದ ತಪ್ಪು ಹೇಳತೇನಿ. ನಿಮ್ಮ ಉಪಯೋಗಕ್ಕ ಬಂದ್ರ ಅವೇ ಬರಬೇಕು.

ಮೊದಲನೇದ್ದು ನಗೂವಂಥಾ ತಪ್ಪು. ಒಂದು ಮರಾಠಿ ಮಕ್ಕಳ ಪುಸ್ತಕಕ್ಕ ಕುರಿ ಹಿಂಡು ಬರದಿದ್ದೆ. ಪುಸ್ತಕ ಹೊರಗ ಬಂದು ಹದಿನೈದು ದಿನ ಆಗಿರಲಿಲ್ಲ, ಜತ್ತ ಕಡೆಯಿಂದ ಒಂದು ಹುಡುಗಿ ಕಾರ್ಡು ಹಾಕಿದ್ಲು: ‘ಚಿತ್ರ ಬರದವರು ಕುರಿ ನೋಡ್ಯಾರೋ ಇಲ್ಲೋ? ಎಲ್ಲಾ ಕುರಿಗೂ ನಾಯಿ ಬಾಲ ಬಂದಾವ.’ ಮಾನ ಹೋತು. ಮರುದಿನ ಲಿಂಗನೂರಿಗೆ ಹೋಗಿ, ಹಿಂಡಿನ ಬಾಜೂಕ ಕುಂತು ಬರೀ ಬಾಲ ಬರಕೊಂಡೆ. ಕುರಿ ಕಾಯೂ ಅಜ್ಜ ಒಬ್ಬಾಂವ ನಕ್ಕ. ‘ಏನ್ರಿ ಸಾಹೇಬರ, ದೇವರು ಮುಂದ ಇಷ್ಟು ಚಂದ ಮಾರಿ ಕೊಟ್ಟಾನ, ನೀವು ಹಿಂದ ಕುಂತೀರಲ್ಲ!’

ಅಲ್ಲೇ ನನಗ ಸುಮಿತ್ರಾ ಅಕ್ಕೋರು ಭೆಟ್ಟಿ ಆದ್ರು. ಆ ಕಡೆಯ ಒಂದು ಕನ್ನಡ ಸಾಲಿಯಾಗ ಕಲಸತಿದ್ರು, ವಿಶ್ರಾಮಬಾಗದಿಂದ ದಿನಾ ಬಸ್ಸಿಗೆ ಬಂದು ಹೋಗತಿದ್ರು. ಮಧ್ಯಾಹ್ನದ ಬಿಡುವಿನ್ಯಾಗ ಹುಡುಗೂರನ್ನ ಕರಕೊಂಡು ನನ್ನ ಕಡೆ ಬಂದು, ಬಾಲದ ಚಿತ್ರ ಎಲ್ಲಾ ನೋಡಿ, ನಗಲಿಲ್ಲ. ‘ತಪ್ಪು ತಿದ್ದಕೊಳ್ಳಾಕ ಇಷ್ಟು ದೂರ ಬಂದೀರಿ ಅಂದ್ರ ನಿಮ್ಮ ಕೈಯಾಗ ಒಂದು ಕೊಡಬಹುದು’ ಅಂದು, ಊಟದ ಚೀಲದಾಗಿಂದ ದಪ್ಪನ್ನ ನೋಟಬುಕ್ಕು ತಗದ್ರು.

ಅದು ಮಕ್ಕಳ ಕಾದಂಬರಿ. ಹತ್ತು ವರ್ಷದ ಚೆನ್ನಿ ಅನ್ನೂ ಹುಡುಗಿ, ಅಕಿದೊಂದು ಕುರಿಮರಿ. ಹೊಳಿಯಾಗ ತೇಲಿ ಹೋದ ಮರೀನ ಹುಡಕ್ಕೊಂತ ಹುಡುಗಿ ದಂಡಿಗುಂಟ ಊರಿಂದ ಊರಿಗೆ ನಡೀತಾಳ. ಕೆಲವು ಊರಾಗ ಕನ್ನಡ, ಕೆಲವು ಊರಾಗ ಮರಾಠಿ. ಹುಡುಗಿ ಎರಡೂ ಕಡೆ ಮಾತಾಡಿಕೊಂತ ಹೋಗತಾಳ. ನಾನು ಬಸ್ಸಿನ್ಯಾಗ ಓದಾಕ ಹತ್ತಿದಾಂವ ಮಿರಜ ದಾಟಿ ಸಾಂಗ್ಲಿ ಸ್ಟ್ಯಾಂಡಿಗೆ ಹೋಗಿ ಇಳದೆ.

ಒಂಬತ್ತು ವರ್ಷ ಅದು ಅವರ ಚೀಲದಾಗ ಇತ್ತು. ಎಲ್ಲೆಲ್ಲಿ ಕಳಸಿದ್ರು ಅಂತ ಕೇಳಬ್ಯಾಡ್ರಿ. ಒಬ್ಬ ಪ್ರಕಾಶಕರು ‘ಭಾಷಾ ಶುದ್ಧ ಇಲ್ಲ, ಗಡಿ ಭಾಷಾ’ ಅಂದ್ರು. ಇನ್ನೊಬ್ಬರು ‘ನೀತಿ ಎಲ್ಲೈತಿ?’ ಅಂದ್ರು. ಒಬ್ಬರು ಮೂರು ವರ್ಷ ಇಟಗೊಂಡು, ಕಡೀಕ ಯಾರದೋ ಬ್ಯಾರೆ ಹಸ್ತಪ್ರತಿ ವಾಪಸ್ ಕಳಿಸಿದ್ರು. ಅಕ್ಕೋರು ಅದನ್ನ ಪೂರಾ ಓದಿ, ಅದರ ಲೇಖಕರಿಗೆ ‘ನಿಮ್ಮ ಕತಿ ಚಲೋ ಐತಿ’ ಅಂತ ಪತ್ರ ಬರದ್ರು! ಅಂಥಾ ಮನಸು ಅವರದು. ಪ್ರತಿ ವರ್ಷ ಹೊಸಾ ವರ್ಗಕ್ಕ ಕತಿ ಓದಿ ಹೇಳತಿದ್ರು. ಹುಡುಗೂರು ‘ಪುಸ್ತಕ ಯಾವಾಗ ಬರತೈತ್ರಿ ಅಕ್ಕೋರ?’ ಅಂದ್ರ ‘ಮುಂದಿನ ವರ್ಷ’ ಅಂತಿದ್ರು. ಮೊದಲ ವರ್ಷ ಕತಿ ಕೇಳಿದ ಹುಡುಗೂರು ಕಾಲೇಜಿಗೆ ಹೋದ್ರು. ಅವರ ನಿವೃತ್ತಿಗೆ ಒಂದೇ ವರ್ಷ ಉಳದಿತ್ತು. ‘ನಾ ಸಾಲಿ ಬಿಡೂದ್ರಾಗ ನನ್ನ ಹುಡುಗೂರ ಕೈಯಾಗ ಆ ಪುಸ್ತಕ ಇರಬೇಕು. ಇಲ್ಲಂದ್ರ ನಾ ಅವರಿಗೆ ಒಂಬತ್ತು ವರ್ಷ ಸುಳ್ಳು ಹೇಳಿದಂಗ ಆಗತೈತಿ’ ಅಂದಿದ್ರು.

ಕಡೀಕ ಬೆಳಗಾವಿ ಕಡೆಯ ಒಬ್ಬ ಸಣ್ಣ ಪ್ರಕಾಶಕರು ಒಪ್ಪಿದ್ರು. ಒಂದೇ ಷರತ್ತು, ಚಿತ್ರ ಬೇಕು. ನಾ ಬರದು ಕೊಡತೇನಿ ಅಂದೆ.

ಹೊಳಿ ಬಂತು, ಕುರಿ ಬಂದ್ವು, ಬಾಲ ಸುದ್ದಾ ಬರೋಬ್ಬರಿ ಬಂದ್ವು. ಚೆನ್ನಿ ಬರಲಿಲ್ಲ. ಎಂಟು ಹುಡುಗ್ಯಾರನ್ನ ಬರದೆ, ಎಂಟೂ ಹರದು ಒಗದೆ. ಒಂಬತ್ತನೇದು ಒಮ್ಮೆಲೇ ಬಂತು, ಪೆನ್ಸಿಲ್ ಎತ್ತಲೇ ಇಲ್ಲ. ಅಗಲ ಹಣಿ, ಸಣ್ಣ ಗದ್ದ, ನೆಟ್ಟಗ ನೋಡೂ ದೊಡ್ಡ ಕಣ್ಣು. ಖುಷಿ ಆತು. ಆದರ ಒಂದು ಮಾತು ಖರೆ ಹೇಳತೇನಿ: ಆ ಹಾಳಿ ಬೋರ್ಡಿನ ಮ್ಯಾಲ ಇದ್ದಷ್ಟು ದಿನ ನಾ ಅದರ ಕಡೆ ಬೆನ್ನು ಮಾಡಿ ಕುಂದರಲಿಲ್ಲ. ಯಾಕ ಅಂತ ನನಗೂ ಗೊತ್ತಿರಲಿಲ್ಲ.

ಸಾಲಿಗೆ ಒಯ್ದು ತೋರಿಸಿದ್ವಿ. ಹುಡುಗೂರು ಕುರಿ ನೋಡಿ ಕುಣದ್ರು. ಚೆನ್ನಿ ಚಿತ್ರ ಎತ್ತಿದ ಕೂಡಲೇ ಕುಣಿಯೂದು ನಿಂತಿತು. ಮುಂದಿನ ಸಾಲಿನ್ಯಾಗ ಕುಂತ ಒಂದು ಸಣ್ಣ ಹುಡುಗಿ ಭಾಳ ಹೊತ್ತು ನೋಡಿ ಕೇಳಿತು: ‘ಇಕಿ ಯಾಕ ರೆಪ್ಪಿ ಬಡಿಯಂಗಿಲ್ರಿ?’

ಅಕ್ಕೋರು ನಕ್ಕು ‘ಚಿತ್ರ ರೆಪ್ಪಿ ಬಡೀತಾವೇನ ಹುಚ್ಚಿ!’ ಅಂದ್ರು. ಹುಡುಗಿ ನಗಲಿಲ್ಲ. ‘ಕುರಿ ಬಡೀತಾವ್ರಿ’ ಅಂದ್ಲು.

ಇಲ್ಲಿ ನನ್ನ ಹಳೇ ಕಸಬು ಹೇಳಬೇಕು, ಇಲ್ಲಂದ್ರ ಮುಂದಿಂದು ತಿಳಿಯಂಗಿಲ್ಲ. ಪುಸ್ತಕಕ್ಕ ಬರೋಕಿಂತ ಮೊದಲು, ಹರೇದಾಗ ನಾನು ಮಿರಜದ ಒಂದು ಫೋಟೋ ಸ್ಟುಡಿಯೋದಾಗ ಟಚಿಂಗ್ ಕೆಲಸಕ್ಕ ಇದ್ದೆ, ಅಂದ್ರ ಫೋಟೋ ಮ್ಯಾಲ ಕುಂಚದಿಂದ ತಿದ್ದೂದು. ನಮ್ಮದು ದವಾಖಾನಿ ಊರು. ಸುತ್ತಲಿನ ಹಳ್ಳಿಯಿಂದ ಜಡ್ಡಾದವರನ್ನ ಕರಕೊಂಡು ಬರತಾರ, ಕೆಲವರು ಉಳಿಯಂಗಿಲ್ಲ. ಬಡವರ ಮನ್ಯಾಗ ಸಣ್ಣ ಕೂಸಿನ ಫೋಟೋ ಆವಾಗ ಎಲ್ಲಿಂದ ಇರಬೇಕು? ಕೂಸು ಹೋದ ಮ್ಯಾಲ ದವಾಖಾನಿಯಿಂದ ನೆಟ್ಟಗ ಹೆಗಲ ಮ್ಯಾಲ ಹಾಕ್ಕೊಂಡು ಸ್ಟುಡಿಯೋಕ್ಕ ಬರತಿದ್ರು. ‘ಒಂದು ಫೋಟೋ ತಗೀರಿ, ಮಣ್ಣು ಕೊಡೂಕಿಂತ ಮೊದಲ.’ ಅವ್ವನ ತೊಡಿ ಮ್ಯಾಲ ಕೂಸಿನ್ನ ಕುಂದರಸತಿದ್ವಿ. ಅವ್ವಗ ಸೆರಗು ಮಾರಿ ಮುಂದ ಎಳಕೋ ಅಂತಿದ್ವಿ. ಆಮ್ಯಾಲ ನನ್ನ ಕೆಲಸ: ಫೋಟೋದಾಗಿಂದ ಅವ್ವನ್ನ ಅಳಿಸಿ ಅಲ್ಲಿ ಪಡದಾ ಬರಿಯೂದು, ಕೂಸಿನ ಮುಚ್ಚಿದ ರೆಪ್ಪಿ ಮ್ಯಾಲ ತೆರದ ಕಣ್ಣು ಬರಿಯೂದು. ನಾವು ಅದಕ್ಕ ‘ಕಣ್ಣು ತಗಿಯೂದು’ ಅಂತಿದ್ವಿ, ಬಾಗಲಾ ತಗದಂಗ.

ನನ್ನ ಉಸ್ತಾದ ಎರಡು ಮಾತು ಹೇಳಿಕೊಟ್ಟಿದ್ದ. ಒಂದು, ‘ಕಣ್ಣು ಹೆಂಗಿದ್ವು ಅಂತ ಅವ್ವನ್ನ ಕೇಳಿ ಬರಿ. ನಿನ್ನ ಮನಸಿಗೆ ಬಂದಿದ್ದು ಬರೀಬ್ಯಾಡ.’ ಎರಡನೇದು ಗುಡ್ಡಿಯೊಳಗಿನ ಬೆಳಕಿನ ಚುಕ್ಕಿದು. ಜೀವ ಇದ್ದವರಿಗೆ ದುಂಡನ್ನ ಚುಕ್ಕಿ. ಹೋದವರನ್ನ ಯಾವಾಗಲೂ ಸ್ಟುಡಿಯೋದ ದೊಡ್ಡ ಕಿಟಕಿ ಎದುರಿಗೇ ಕುಂದರಸತಿದ್ವಿ. ಹಂಗಾಗಿ ಅವರ ಕಣ್ಣಾಗ ನಾಕು ಚೌಕಿನ ಸಣ್ಣ ಕಿಟಕಿ. ‘ಅದಿಲ್ಲಂದ್ರ ಗೋಲಿ ಇಟ್ಟಂಗ ಕಾಣತಾವ. ಕಿಟಕಿ ಇದ್ರ ಹೊರಗ ಏನೋ ನೋಡತೈತಿ ಅನಸತೈತಿ’ ಅಂತಿದ್ದ. ಸೂಜಿ ಮೊನಿಯಷ್ಟು ಕುಂಚದಿಂದ ಎಷ್ಟು ಕಿಟಕಿ ಬರದೇನೋ ಲೆಕ್ಕ ಇಟ್ಟಿಲ್ಲ. ಆ ಕೆಲಸ ಬಿಟ್ಟ ಮ್ಯಾಲ ಒಂದೂ ಬರದಿಲ್ಲ ಅಂತ ತಿಳಕೊಂಡಿದ್ದೆ.

ಈಗ ಚೆನ್ನಿ ಕಡೆ ಬರತೇನಿ. ಮೊದಲೆಲ್ಲಾ ಚಿತ್ರ ಕೊಟ್ರ ಬ್ಲಾಕ್ ಮಾಡಿ ಅಚ್ಚು ಹಾಕತಿದ್ರು, ನಮ್ಮ ತಪ್ಪು ನಮ್ಮಷ್ಟೇ ಸಣ್ಣು ಇರತಿತ್ತು. ಈಗ ಸ್ಕ್ಯಾನ್ ಮಾಡಿ ಪಡದೆ ಮ್ಯಾಲ ಗ್ವಾಡಿಯಷ್ಟು ದೊಡ್ಡದು ಮಾಡತಾರ. ಸಾಂಗ್ಲಿಯಾಗ ಪುಟ ಜೋಡಸೂ ವೈಶಾಲಿ ಅನ್ನೂ ಹೆಣ್ಣುಮಗಳು ಮುಖಪುಟ ಅಚ್ಚಿಗೆ ಕಳಿಸಿ, ಒಳಗಿನ ಚಿತ್ರ ನೋಡಾಕ ನನ್ನ ಕರದಿದ್ಲು. ಅಕಿ ಮನಿ ಮಾತು ಕನ್ನಡ, ಬಾಯಿ ಮಾತು ಮರಾಠಿ. ‘ಕಾಕಾ, ಹೇ ಬಘಾ, ಇದನ್ನ ನೋಡ್ರಿ’ ಅಂದು ಚೆನ್ನಿ ಮಾರಿ ದೊಡ್ಡದು ಮಾಡಿದ್ಲು, ಆಮ್ಯಾಲ ಕಣ್ಣು ಒಂದೇ, ಆಮ್ಯಾಲ ಗುಡ್ಡಿ ಒಂದೇ. ‘ಹುಡುಗಿ ಹೊಲದಾಗ ನಿಂತಾಳ ನೋಡ್ರಿ. ಮತ್ತ ಇಲ್ಲಿ ಕಿಟಕಿ ಕಶೀ, ಹೆಂಗ ಬಂತು?’

ನಾಕು ಚೌಕು. ನಡುವ ಸಣ್ಣ ಕರೀ ಗೀಟು. ನಾ ಬರದದ್ದು ನನಗೇ ನೆನಪಿರಲಿಲ್ಲ, ಆದರ ಕೈ ನಂದೇ.

ಕಿಟಕಿ ನೋಡಿದ ಕೂಡಲೇ ಮಾರಿ ಗುರುತು ಹತ್ತಿತು. ಸ್ಟುಡಿಯೋದಾಗ ನಾ ಸೇರಿದ ಹೊಸದ್ರಾಗ ಒಂದು ನಾಕು ವರ್ಷದ ಕೂಸು ಬಂದಿತ್ತು, ಜ್ವರದಾಗ ಹೋದದ್ದು. ಅವ್ವನ ಮಾರಿ ನಾ ನೋಡಲಿಲ್ಲ, ಸೆರಗಿನ ಹಿಂದ ಇತ್ತು. ಅಳೂ ಅವ್ವನ್ನ ಏನು ಕೇಳೂದು ಅಂತ ಕಣ್ಣು ಹೆಂಗಿದ್ವು ಅಂತ ಕೇಳಲೇ ಇಲ್ಲ. ಮನಸಿಗೆ ತಿಳದಂಗ ಬರದು ಲಕೋಟಿಗೆ ಹಾಕಿ, ಮ್ಯಾಲ ‘ಸಾಂಗ್ಲಿವಾಡಿ’ ಅಂತಷ್ಟೇ ಬರದೆ. ಅದೇ ಹಣಿ, ಅದೇ ಗದ್ದ. ಆದರ ನಾ ಬರದ ಚೆನ್ನಿ ಹತ್ತು ವರ್ಷದಾಕಿ. ಆ ಕೂಸು ಹತ್ತು ವರ್ಷ ಆಗಿರಲೇ ಇಲ್ಲ.

ವೈಶಾಲಿಗೆ ‘ಇರಲಿ ಬಿಡು’ ಅಂದೆ. ಹೋಗಿ ಅಕ್ಕೋರಿಗೆ ಹೇಳಬೇಕು ಅಂತ ವಿಶ್ರಾಮಬಾಗದಾಗ ಇಳದೆ. ಬಾಗಲಾ ತಗದವರೇ ‘ಬರ್ರಿ ಬರ್ರಿ, ಮುಖಪುಟ ಅಚ್ಚಾತಂತ!’ ಅಂದ್ರು. ಪಡಸಾಲ್ಯಾಗ ಒಂದು ಹಳೇ ಕಟ್ಟಿಗಿ ತೊಟ್ಟಿಲು. ಒರಸಿ ಎಣ್ಣಿ ಹಚ್ಚಾಕ ಹತ್ತಿದ್ರು.

‘ರಿಬ್ಬನ್ ಕತ್ತರಸೂದು, ಅತಿಥಿಗೋಳು, ಭಾಷಣ ಬ್ಯಾಡ್ರಿ. ಒಂಬತ್ತು ವರ್ಷ ಹೊಟ್ಯಾಗ ಇಟಗೊಂಡಾಕಿ ನಾನು. ತೊಟ್ಟಿಲಿಗೆ ಹಾಕಿ ಹೆಸರು ಇಡೂಣು. ಸಾಂಗ್ಲಿವಾಡ್ಯಾಗ ಒಬ್ಬಾಕಿ ಗಂಗವ್ವ ಅಂತ ಅದಾಳ, ಅಥಣಿ ಕಡೆಯಾಕಿ, ಇಟ್ಟಂಗಿ ಹೊರತಾಳ. ಏನು ಚಂದ ಜೋಗುಳ ಹಾಡತಾಳ ಅಂತೀರಿ! ಅಕಿನ್ನೇ ಕರದೇನಿ.’

ಲಕೋಟಿ ಮ್ಯಾಲ ನಾ ಬರದ ಊರು ಅದೇ. ಊರಾಗ ಎಷ್ಟು ಹೆಣ್ಣುಮಕ್ಕಳು, ಅಕಿನೇ ಯಾಕ ಆಗಬೇಕು ಅಂತ ಮನಸಿಗೆ ಸಮಾಧಾನ ಹೇಳಿಕೊಂಡೆ. ಹೇಳಿದ್ರ ಅಕ್ಕೋರು ಪುಸ್ತಕ ನಿಲ್ಲಸತಿದ್ರು. ಅವರ ಸ್ವಭಾವ ಹಂತಾದ್ದು. ಸಾಲಿ ಬಿಡಾಕ ಒಂದು ತಿಂಗಳು ಉಳದಿತ್ತು. ಚಹಾ ಕುಡದು, ಬಾಯಿ ಮುಚಗೊಂಡು ಎದ್ದು ಬಂದೆ. ಇದು ನನ್ನ ದೊಡ್ಡ ತಪ್ಪು. ಕುರಿ ಬಾಲದ್ದು ಇದರ ಮುಂದ ಏನೂ ಅಲ್ಲ.

ವಿಶ್ರಾಮಬಾಗದ ಒಂದು ಸಣ್ಣ ಹಾಲಿನ್ಯಾಗ, ಐತವಾರ ಮುಂಜಾನೆ, ಹೆಸರಿಡೂ ಕಾರ್ಯಕ್ರಮ. ಅಕ್ಕೋರ ಸಾಲಿ ಹುಡುಗೂರು, ಹಳೇ ಹುಡುಗೂರು, ಪ್ರಕಾಶಕರು. ತೊಟ್ಟಿಲಿಗೆ ಹೂವು ಕಟ್ಟಿದ್ರು. ಪುಸ್ತಕಕ್ಕ ಖಣ ಸುತ್ತಿ, ತಲಿ ಕಡೆ ಕುಂಚಿಗಿ ಹಾಕಿ, ಕೂಸಿನ್ಹಂಗ ಮಾಡಿದ್ರು. ಚೆನ್ನಿ ಮಾರಿ ಅಚ್ಚಾದ ಮುಖಪುಟ ಬಂದವರು ಇನ್ನೂ ನೋಡಿರಲಿಲ್ಲ. ಐದು ಮಂದಿ ಮುತ್ತೈದಿಯರು ಗುಂಡಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ತೊಟ್ಟಿಲ ಕೆಳಗಿಂದ ಒಬ್ಬರು ಕೊಡೂದು, ಮ್ಯಾಲಿಂದ ಒಬ್ಬರು ತಗೊಳ್ಳೂದು ಮಾಡಿದ್ರು. ಹುಡುಗೂರು ನಕ್ಕೊಂತ ನಿಂತಿದ್ವು. ಗಂಗವ್ವ ಜೋಗುಳ ಎತ್ತಿದ್ಲು. ಸಣಕಲು ಹೆಣ್ಣುಮಗಳು, ತಲಿ ಪೂರಾ ಬೆಳ್ಳಗ, ದನಿ ಮಾತ್ರ ಇಪ್ಪತ್ತರ ಹರೇದ್ದು.

ಹೆಸರು ಹೇಳೂ ಸ್ವಾದರತ್ತಿ ಮಾನಾನೂ ಅಕಿಗೇ ಕೊಟ್ಟಿದ್ರು. ಕೂಸಿನ ಕಿವ್ಯಾಗ ಕುರ್ರ್ ಅಂದು ಪುಸ್ತಕದ ಹೆಸರು ಹೇಳಬೇಕು. ಅಕಿ ಹಾಡಿಕೊಂತೇ ಬಗ್ಗಿದ್ಲು, ಕುಂಚಿಗಿ ಸರಿಸಿದ್ಲು.

ಹಾಡು ನಿಂತಿತು. ಉಳದ ಹೆಂಗಸರು ಒಂದು ನುಡಿ ಮುಂದ ಹಾಡಿ, ಒಬ್ಬೊಬ್ಬರೇ ಸುಮ್ಮನಾದ್ರು. ಗಂಗವ್ವ ಹಗ್ಗ ಬಿಟ್ಟಿದ್ಲು, ತೊಟ್ಟಿಲು ಹಂಗೇ ತೂಗತಿತ್ತು. ಅಕಿ ಪುಸ್ತಕದ ಕಿವಿ ಇರೂ ಜಾಗಾಕ್ಕ ಬಾಯಿ ಹಚ್ಚಿ ಏನೋ ಅಂದ್ಲು. ಒಂದು ಹೆಸರಲ್ಲ, ಭಾಳ ಹೊತ್ತು ಏನೋ ಅಂದ್ಲು. ಆಮ್ಯಾಲ ಎತ್ತಿ ಅಕ್ಕೋರ ಉಡಿಗೆ ಕೊಡಬೇಕಿತ್ತು. ಕೊಡಲಿಲ್ಲ. ನೆಲದ ಮ್ಯಾಲ ಕುಂತು ತನ್ನ ತೊಡಿ ಮ್ಯಾಲ ಇಟಗೊಂಡ್ಲು.

ನನಗ ಎಲ್ಲಾ ತಿಳೀತು. ಹೋಗಿ ಅಕಿ ಎದುರಿಗೆ ಕುಂತೆ.

‘ಇಕಿ ಕಣ್ಣು ತಗದವರು ನೀವ ಏನ್ರಿ ಅಣ್ಣಾರ?’ ಅಂತ ಕೇಳಿದ್ಲು. ಸಿಟ್ಟು ಇರಲಿಲ್ಲ, ಅಳೂ ಇರಲಿಲ್ಲ.

‘ಹೌದವ್ವಾ. ನಾನೇ.’

‘ಆ ಫೋಟೋದಾಗ ನಾನೂ ಇದ್ದೇನ್ರಿ. ಪಡದಾದ ಹಿಂದ.’

ಸುತ್ತಲೂ ನಿಂತವರಿಗೆ ಏನೂ ತಿಳೀಲಿಲ್ಲ. ಅಕ್ಕೋರು ಬಾಜೂಕ ಬಂದು ಕುಂತ್ರು. ಎಲ್ಲಾರ ಮುಂದ, ಸ್ಟುಡಿಯೋದ್ದು, ಕಿಟಕೀದು, ಗೊತ್ತಿದ್ದೂ ನಾ ಮುಚ್ಚಿಟ್ಟದ್ದು, ಎಲ್ಲಾ ಹೇಳಿದೆ. ‘ತಪ್ಪಾತು ಗಂಗವ್ವಾ. ಕಣ್ಣು ಹೆಂಗಿದ್ವು ಅಂತ ನಿನ್ನ ಕೇಳಲಿಲ್ಲ. ನನ್ನ ಮನಸಿಗೆ ಬಂದಂಗ ಬರದೆ’ ಅಂದೆ.

‘ಫೋಟೋ ಹೊಳಿ ಒಯ್ತರಿ. ಮಹಾಪೂರ ಬಂದಾಗ ಮನಿ ಒಳಗ ಆಳುದ್ದ ನೀರು. ಹುಡಕಿದ್ನಿ, ಸಿಗಲಿಲ್ಲ’ ಅಂದ್ಲು. ‘ಅಕಿ ಖರೇ ಕಣ್ಣು ಈಗ ನನಗೂ ನೆನಪಿಲ್ರಿ. ನೆನಸಿದ್ರ ನೀವು ಬರದವೇ ಬರತಾವ.’

ಅಕ್ಕೋರು ಅಂದ್ರು: ‘ಗಂಗವ್ವಾ, ನೀ ಬ್ಯಾಡ ಅಂದ್ರ ಒಂದು ಪ್ರತೀನೂ ಹುಡುಗೂರಿಗೆ ಕೊಡಂಗಿಲ್ಲ. ಎಲ್ಲಾ ಇವತ್ತೇ ವಾಪಸ್ ಕಳಸತೇನಿ.’ ಪ್ರಕಾಶಕರು ಏನೋ ಅನ್ನಾಕ ಬಂದ್ರು, ಅಕ್ಕೋರು ಕೈ ಎತ್ತಿ ಸುಮ್ಮನಾಗಿಸಿದ್ರು. ಒಂಬತ್ತು ವರ್ಷದ ಪುಸ್ತಕ ಆ ಹೆಣ್ಣುಮಗಳ ಒಂದು ಮಾತಿನ ಮ್ಯಾಲ ನಿಂತಿತ್ತು.

ಗಂಗವ್ವ ಮುಖಪುಟದ ಮ್ಯಾಲ ಕೈ ಆಡಿಸಿದ್ಲು. ‘ಕತಿಯಾಗ ಇಕಿ ಸಾಯತಾಳೇನ್ರಿ ಅಕ್ಕೋರ?’

‘ಇಲ್ಲವ್ವಾ. ಮರಿ ಸಿಗತೈತಿ. ಹೊಳಿ ದಾಟಿ ಮನಿಗೆ ಬರತಾಳ.’

‘ಎಷ್ಟು ವರ್ಷದಾಕಿ?’

‘ಹತ್ತು.’

‘ನಾ ನಾಕು ವರ್ಷದಾಕಿನ್ನ ಮಣ್ಣಿಗೆ ಕೊಟ್ಟಿದ್ದೇನ್ರಿ’ ಅಂದ್ಲು. ‘ಆರು ವರ್ಷ ಎಲ್ಲಿ ಬೆಳದ್ಲೋ, ಯಾರು ಉಣಿಸಿದ್ರೋ. ನೀವು ಹೇಳಿಕೊಟ್ಟ ಹೆಸರು ನಾ ಹೇಳಲಿಲ್ರಿ ಅಕ್ಕೋರ. ಅಕಿ ಹೆಸರು ಅಕಿಗೆ ಹೇಳಿದ್ನಿ, ಮರತಿದ್ದಾಳು ಅಂತ. ಕೊಡ್ರಿ, ಹುಡುಗೂರಿಗೆ ಕೊಡ್ರಿ. ಆದರ ಹತ್ತಕ್ಕ ನಿಲ್ಲಸಬ್ಯಾಡ್ರಿ. ಮುಂದೂ ಬರೀರಿ. ಲಗ್ನದ ತನಕಾ ಬರೀರಿ.’

ಅಕ್ಕೋರು ಅಕಿನ್ನ ತೆಕ್ಕಿ ಹಾಕ್ಕೊಂಡು ಅತ್ತ್ರು. ನಾನೂ ಅತ್ತೆ, ಯಾಕ ಸುಳ್ಳು ಹೇಳಲಿ. ಹುಡುಗೂರು ಸಾಲಾಗಿ ಬಂದು ಪುಸ್ತಕ ಒಯ್ದ್ರು. ರೆಪ್ಪಿ ಬಡಿಯಂಗಿಲ್ಲ ಅಂದಿದ್ದ ಹುಡುಗಿ ತನ್ನ ಪ್ರತಿ ತಗೊಂಡು, ಒಮ್ಮೆ ನೋಡಿ, ಎದಿಗೆ ಒತ್ತಿಕೊಂಡು ಹೊರಗ ಓಡಿ ಹೋತು.

ಮುಂದ ಅಕ್ಕೋರು ನಿವೃತ್ತಿ ಆಗಿ ಬರಿಯೂದೇ ಕೆಲಸ ಮಾಡಿಕೊಂಡ್ರು. ಎರಡನೇ ಪುಸ್ತಕದಾಗ ಚೆನ್ನಿಗೆ ಹನ್ನೆರಡು, ಮೂರನೇದ್ರಾಗ ಹದಿನೈದು. ‘ಮಕ್ಕಳ ಕಾದಂಬರಿಯಾಗ ಹುಡುಗಿ ದೊಡ್ಡಾಕಿ ಆಗಬಾರದ್ರಿ’ ಅಂತ ಪ್ರಕಾಶಕರು ಗೋಳಾಡಿದ್ರು. ‘ಓದೂ ಹುಡುಗೂರು ಆಗಂಗಿಲ್ಲೇನು?’ ಅಂದ್ರು ಅಕ್ಕೋರು. ಪ್ರತಿ ಪುಸ್ತಕಕ್ಕೂ ತೊಟ್ಟಿಲು, ಪ್ರತಿ ಸಲ ಗಂಗವ್ವನ ಜೋಗುಳ. ಕಿವ್ಯಾಗ ಅಕಿ ಏನು ಹೇಳತಾಳ ಅಂತ ನಾವು ಮತ್ತೊಮ್ಮೆ ಕೇಳಲಿಲ್ಲ.

ನಾನು ಕಣ್ಣಾಗ ಕಿಟಕಿ ಹಾಕೂದು ಬಿಟ್ಟೆ. ಮಾರಿ ಬಗ್ಗೆ ವಿಚಾರ ಮಾಡೂದೂ ಬಿಟ್ಟೆ. ಕುಂತ್ರ ಬರತಿತ್ತು, ಹೋದ ಸಲಕಿಂತ ಕೆಲವು ವರ್ಷ ದೊಡ್ಡದಾಗಿ ಬರತಿತ್ತು. ಎರಡನೇ ಪುಸ್ತಕದ ಚಿತ್ರ ನೋಡಿ ಅಕ್ಕೋರು ‘ಎಲ್ಲಾದ್ರಾಗೂ ಎಡಗೈಯಾಗ ಕೋಲು ಹಿಡಸೀರಲ್ಲ, ಯಾಕ್ರಿ?’ ಅಂದ್ರು. ನಾ ಗಮನಿಸೇ ಇರಲಿಲ್ಲ. ತಿದ್ದತೇನಿ ಅಂದೆ. ಗಂಗವ್ವ ಅಲ್ಲೇ ಕುಂತಿದ್ಲು. ‘ತಿದ್ದಬ್ಯಾಡ್ರಿ. ಎಡಚಿ ಇದ್ಲು’ ಅಂದ್ಲು. ತೊಡಿ ಮ್ಯಾಲ ಕುಂತ ಕೂಸಿನ ಫೋಟೋದಾಗ ಅದು ಹೆಂಗ ಕಾಣಬೇಕು? ಆವತ್ತು ಮನಿಗೆ ಬಂದು ಊಟ ಮಾಡಲಿಲ್ಲ.

ಐದನೇ ಪುಸ್ತಕದಾಗ ಚೆನ್ನಿಗೆ ಇಪ್ಪತ್ತೆರಡು. ಕಲತು ಅದೇ ಸಾಲಿಗೆ ಅಕ್ಕೋರಾಗಿ ಬರತಾಳ, ಕಡೇ ಅಧ್ಯಾಯದಾಗ ಲಗ್ನ. ಮುಖಪುಟಕ್ಕ ಕುಂತೆ. ಹಸರು ಸೀರಿ ಬಂತು, ತಲಿಗೆ ಹೂವಿನ ದಂಡಿ ಬಂತು, ಹಸರು ಬಳಿ ಬಂದ್ವು. ಮಾರಿ ಬರಲಿಲ್ಲ. ಹತ್ತು ಹಾಳಿ ಬರದೆ, ಹತ್ತರಾಗೂ ಹುಡುಗಿ ಬೆನ್ನು ಮಾಡಿ ನಿಂತಿದ್ಲು. ಮುಂದ ಹೊಳಿ, ಹೊಳಿ ಆಚೆ ದಾರಿ. ಕೈ ನಡಗೂದಕ್ಕ ಹಿಂಗಾತೇನೋ ಅಂತ ಮತ್ತ ಹತ್ತು ಬರದೆ. ಅವೂ ಹಂಗೇ.

ಹಾಳಿ ಎಲ್ಲಾ ಕಟಗೊಂಡು ಸಾಂಗ್ಲಿವಾಡಿಗೆ ಹೋದೆ. ಗಂಗವ್ವ ಹೊರಸಿನ ಮ್ಯಾಲ ಕುಂತಿದ್ಲು. ‘ಮಾರಿ ಸಿಗವಲ್ದವ್ವಾ, ನನ್ನ ಕಡೆಯಿಂದ ತಪ್ಪಾಗಾಕ ಹತ್ತೈತಿ’ ಅಂದೆ. ಅಕಿ ಒಂದೊಂದೇ ಹಾಳಿ ಬೆಳಕಿಗೆ ಹಿಡದು ನೋಡಿದ್ಲು. ಎಲ್ಲಾ ನೋಡಿ, ಮಡಚಿ, ನನ್ನ ಕೈಯಾಗ ಕೊಟ್ಲು.

‘ತಪ್ಪೇನಿಲ್ರಿ ಅಣ್ಣಾರ. ಗಂಡನ ಮನಿಗೆ ಹೊಂಟಾಕಿ ತಿರುಗಿ ನೋಡಬಾರದು. ಇನ್ನ ಅಕಿನ್ನ ಕರೀಬ್ಯಾಡ್ರಿ.’